ಗೋಲ್ಡ್‌ಬರ್ಗ್ ಎರಡನೇ ಸಲ: ಆ ಹನ್ನೆರಡೂಮುಕ್ಕಾಲು ನಿಮಿಷ ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ. ಸಂಗೀತದ ಮಾತಿಗೆ ಮುಂಚೆ ಸ್ವಲ್ಪ ಕೂಡುವ ಕಳೆಯುವ ಲೆಕ್ಕ ಮಾಡೋಣ.

ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್, ಜರ್ಮನಿಯ ಸಂಗೀತ ರಚನೆಕಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಕೃತಿಯನ್ನು ಸ್ಟುಡಿಯೊದಲ್ಲಿ ಎರಡು ಸಲ ರೆಕಾರ್ಡ್ ಮಾಡಿದ. ಮೊದಲನೆಯದು 1955ರ ಜೂನ್‌ನಲ್ಲಿ, 22ನೇ ವಯಸ್ಸಿಗೆ. 1956ರ ಜನವರಿಯಲ್ಲಿ ಅದು ಹೊರಬಂದದ್ದೇ ತಡ, ಅವನ ಹೆಸರು ಲೋಕವೆಲ್ಲ ಹಬ್ಬಿತು. ಎರಡನೆಯದು 1981ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, 48ನೇ ವಯಸ್ಸಿಗೆ. ಅದು ಬಿಡುಗಡೆಯಾದದ್ದು 1982ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳ 27ರಂದು ಗೂಲ್ಡ್‌ಗೆ ಪಾರ್ಶ್ವವಾಯು ಬಡಿಯಿತು, ಅಕ್ಟೋಬರ್ 4ರಂದು ತೀರಿಕೊಂಡ. ಐವತ್ತು ತುಂಬಿ ಹತ್ತು ದಿನವೂ ಆಗಿರಲಿಲ್ಲ.

ಮೊದಲ ಆಲ್ಬಮ್ ಸುಮಾರು 38 ನಿಮಿಷ 20 ಸೆಕೆಂಡ್. ಎರಡನೆಯದು ಸುಮಾರು 51 ನಿಮಿಷ 5 ಸೆಕೆಂಡ್. ನಡುವಿನ ಅಂತರ ಹನ್ನೆರಡೂಮುಕ್ಕಾಲು ನಿಮಿಷ. ಈ ಅಂತರ ನೋಡಿದವರೆಲ್ಲ ಒಂದೇ ಮಾತು ಹೇಳುತ್ತ ಬಂದಿದ್ದಾರೆ: ಹರೆಯದಲ್ಲಿ ಓಡಿದ, ಸಾವು ಹತ್ತಿರವಾದಾಗ ನಿಧಾನಿಸಿದ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಗಡಿಯಾರ ಹಿಡಿದು ಕೂತರೆ ಈ ಮಾತು ನಿಲ್ಲುವುದಿಲ್ಲ. ಹೇಗೆ ನಿಲ್ಲುವುದಿಲ್ಲ ಎಂಬುದೇ ಇವತ್ತಿನ ವಿಷಯ.

ಮೊದಲು ಕೃತಿಯ ಕಟ್ಟು ತಿಳಿದಿರಬೇಕು. ಇದು 1741ರಲ್ಲಿ ಅಚ್ಚಾದದ್ದು, ಎರಡು ಸಾಲು ಕೀಲಿಗಳಿರುವ ಹಾರ್ಪ್ಸಿಕಾರ್ಡ್‌ಗಾಗಿ, ಅಂದರೆ ಪಿಯಾನೊಗಿಂತ ಹಳೆಯದಾದ, ತಂತಿ ಮೀಟುವ ಕೀಲಿವಾದ್ಯಕ್ಕಾಗಿ ಬರೆದದ್ದು. ಮೊದಲಿಗೆ ಆರಿಯಾ ಎಂಬ ನಿಧಾನದ ಹಾಡು, ಆಮೇಲೆ 30 ವೇರಿಯೇಶನ್‌ಗಳು (ಅದನ್ನೇ ಆಧರಿಸಿ ಬೇರೆ ಬೇರೆ ರೂಪದಲ್ಲಿ ಕಟ್ಟಿದ ತುಂಡುಗಳು), ಕೊನೆಗೆ ಮತ್ತೆ ಅದೇ ಆರಿಯಾ. ಒಟ್ಟು 32 ತುಂಡು. ಆರಿಯಾದಲ್ಲಿರುವ ಬಾರ್‌ಗಳೂ (ನಮ್ಮ ತಾಳದ ಆವರ್ತದಂಥವು) 32, ಹದಿನಾರರ ಎರಡು ಭಾಗ. ವೇರಿಯೇಶನ್‌ಗಳು ಬೆಳೆಯುವುದು ಆರಿಯಾದ ಮೇಲುಸ್ವರದ ಹಾಡಿನಿಂದಲ್ಲ, ಅದರ ಅಡಿಯಲ್ಲಿ ನಡೆಯುವ ಮಂದ್ರದ ಸಾಲಿನಿಂದ. ಜಿ ಸ್ವರವನ್ನು ಷಡ್ಜ ಎಂದಿಟ್ಟುಕೊಂಡರೆ ಆ ಸಾಲಿನ ಮೊದಲ ಎಂಟು ಸ್ವರ ನಮ್ಮ ಬಾಯಲ್ಲಿ ಹೀಗೆ ಬರುತ್ತದೆ: ಸ ನಿ ದ ಪ, ಗ ಮ ಪ ಸ. ಶಂಕರಾಭರಣದ ಸ್ವರಗಳೇ. ಮನಸ್ಸಿನಲ್ಲೇ ಒಂದೆರಡು ಸಲ ಹೇಳಿಕೊಳ್ಳಿ. ಮೂವತ್ತು ವೇರಿಯೇಶನ್‌ಗಳ ಅಡಿಪಾಯ ಇಷ್ಟೇ. 15, 21, 25 ಈ ಮೂರು ಮಾತ್ರ ಮೈನರ್‌ಗೆ, ಅಂದರೆ ಗಾಂಧಾರ ತಗ್ಗಿದ ಸ್ವರಸಾಲಿಗೆ, ತಿರುಗುತ್ತವೆ.

ಪ್ರತಿ ಮೂರನೆಯ ವೇರಿಯೇಶನ್ ಒಂದು ಕ್ಯಾನನ್. ಒಂದು ಧ್ವನಿ ಹೊರಡುತ್ತದೆ, ಸ್ವಲ್ಪ ತಡೆದು ಇನ್ನೊಂದು ಧ್ವನಿ ಅದೇ ಸಾಲನ್ನು ಹಿಡಿದು ಹಿಂಬಾಲಿಸುತ್ತದೆ. ಮೂರನೆಯದರಲ್ಲಿ ಅದೇ ಸ್ವರದಿಂದ, ಆರನೆಯದರಲ್ಲಿ ಒಂದು ಸ್ವರ ಮೇಲಿನಿಂದ, ಹೀಗೆ ಏರುತ್ತ 27ನೆಯದರಲ್ಲಿ ಒಂಬತ್ತನೆಯ ಸ್ವರದ ದೂರಕ್ಕೆ. ಒಟ್ಟು ಒಂಬತ್ತು ಕ್ಯಾನನ್. 30ನೆಯದು ಜನಪದ ಹಾಡುಗಳನ್ನು ಒಂದರೊಳಗೊಂದು ಹೆಣೆದ ತಮಾಷೆ.

ಇನ್ನೊಂದು ವಿಷಯ, ನಮ್ಮ ಲೆಕ್ಕಕ್ಕೆ ಇದೇ ಮುಖ್ಯ. ಪ್ರತಿ ತುಂಡಿನ ಎರಡು ಭಾಗವನ್ನೂ ಎರಡೆರಡು ಸಲ ನುಡಿಸಬೇಕೆಂದು ಬಾಖ್ ಗುರುತು ಹಾಕಿದ್ದಾನೆ. 1955ರಲ್ಲಿ ಗೂಲ್ಡ್ ಒಂದನ್ನೂ ಪುನರಾವರ್ತಿಸಲಿಲ್ಲ. 1981ರಲ್ಲಿ 13 ವೇರಿಯೇಶನ್‌ಗಳಲ್ಲಿ ಮೊದಲ ಭಾಗವನ್ನು ಮಾತ್ರ ಎರಡು ಸಲ ನುಡಿಸಿದ. ಒಂಬತ್ತು ಕ್ಯಾನನ್‌ಗಳು, ಜೊತೆಗೆ 4, 10, 22, 30. ಇವೆಲ್ಲ ಒಂದು ಧ್ವನಿ ಇನ್ನೊಂದನ್ನು ಅನುಕರಿಸುವ ಬಿಗಿಯಾದ ಬರವಣಿಗೆಯವು. ಅಂಥವನ್ನು ಕಿವಿ ಒಂದೇ ಸಲಕ್ಕೆ ಹಿಡಿಯಲಾರದು ಎಂದು ತೋರುತ್ತದೆ ಅವನ ಆಯ್ಕೆ.

ಈಗ ಲೆಕ್ಕ. ಬೇರೆ ಬೇರೆ ಸಿ.ಡಿ.ಗಳಲ್ಲಿ ಒಂದೆರಡು ಸೆಕೆಂಡ್ ಹೆಚ್ಚುಕಡಿಮೆ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಆ 13 ವೇರಿಯೇಶನ್‌ಗಳ 1981ರ ಅವಧಿ ಕೂಡಿದರೆ ಸುಮಾರು ಇಪ್ಪತ್ತೂವರೆ ನಿಮಿಷ. ಎರಡು ಭಾಗ ಸಮ, ಒಂದನ್ನು ಎರಡು ಸಲ ನುಡಿಸಿದ್ದಾನೆ ಎಂದಮೇಲೆ ಮೂರರಲ್ಲೊಂದು ಪಾಲು ಪುನರಾವರ್ತನೆಯದು. ಅಂದರೆ ಆರೂಮುಕ್ಕಾಲು ನಿಮಿಷಕ್ಕೆ ಸ್ವಲ್ಪ ಮೇಲೆ. ಹೆಚ್ಚಾದ ಸಮಯದಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲೇ ಹೋಯಿತು. ಇದಕ್ಕೂ ನಿಧಾನಕ್ಕೂ ಸಂಬಂಧವೇ ಇಲ್ಲ.

ಆಮೇಲೆ ಆರಿಯಾ. ಶುರುವಿನದು 1955ರಲ್ಲಿ 1 ನಿಮಿಷ 53 ಸೆಕೆಂಡ್, 1981ರಲ್ಲಿ 3 ನಿಮಿಷ 5 ಸೆಕೆಂಡ್. ಕೊನೆಯದು 2 ನಿಮಿಷ ಚಿಲ್ಲರೆಯಿಂದ 3 ನಿಮಿಷ 40 ಸೆಕೆಂಡ್ ದಾಟುತ್ತದೆ. ಎರಡೂ ಸೇರಿ ಎರಡೂಮುಕ್ಕಾಲು ನಿಮಿಷ ಹೆಚ್ಚು. ಇದು ನಿಜವಾದ ನಿಧಾನ.

ಉಳಿದದ್ದು ಮೂರು ನಿಮಿಷ. ಅದರಲ್ಲಿ ಎರಡೂವರೆ ನಿಮಿಷ ಐದೇ ವೇರಿಯೇಶನ್‌ಗಳದ್ದು: 1, 2, 13, 15, 16. ಹದಿನೈದನೆಯದೊಂದೇ ಪುನರಾವರ್ತನೆ ಬಿಟ್ಟೂ ಒಂದು ನಿಮಿಷ ನುಂಗುತ್ತದೆ. ಮಿಕ್ಕ ಇಪ್ಪತ್ತೈದು ವೇರಿಯೇಶನ್‌ಗಳಲ್ಲಿ ಒಟ್ಟಾರೆ ಅಂತರ ಒಂದು ನಿಮಿಷವೂ ಇಲ್ಲ. 5ನೆಯದು ಎರಡರಲ್ಲೂ 37 ಸೆಕೆಂಡ್. 26ನೆಯದು ಎರಡರಲ್ಲೂ 52. 29ನೆಯದು 60 ಮತ್ತು 62. ಬೆರಳು ಓಡಬೇಕಾದ ಕಡೆ 48ರ ಗೂಲ್ಡ್ 22ರ ಗೂಲ್ಡ್‌ನ ಸಮಕ್ಕೆ ಓಡಿದ್ದಾನೆ.

ನಿಧಾನವೆಂದರೆ ಅಳು, ಅಳುವೆಂದರೆ ಮುಪ್ಪು ಎನ್ನುವವರಿಗೆ 25ನೆಯದು ಬಿಸಿತುಪ್ಪವಾಗುತ್ತದೆ. ಇಡೀ ಕೃತಿಯ ಅತಿ ನೋವಿನ ತುಂಡು ಅದು, ಜಿ ಮೈನರ್. 1955ರಲ್ಲಿ 6 ನಿಮಿಷ 28 ಸೆಕೆಂಡ್. 1981ರಲ್ಲಿ 6 ನಿಮಿಷ 3 ಸೆಕೆಂಡ್. ಹೌದು, ಕೊನೆಗಾಲದ ರೆಕಾರ್ಡಿಂಗ್‌ನಲ್ಲಿ ಅದು ಬೇಗ ಮುಗಿಯುತ್ತದೆ. ಮೊದಲ ರೆಕಾರ್ಡಿಂಗ್‌ನ 25ನೆಯದು ಭಾವವನ್ನು ಮೈಮೇಲೆ ಹೊದ್ದುಕೊಂಡು ಬಂದಂತಿದೆ, ಪಿಯಾನೊ ರಚನೆಕಾರ ಶೋಪ್ಯಾನ ಛಾಯೆ ಅದಕ್ಕೆ ಹೆಚ್ಚಾಯಿತು ಎಂದು ಅವನೇ 1982ರ ಸಂದರ್ಶನವೊಂದರಲ್ಲಿ ಆಕ್ಷೇಪಿಸಿದ್ದ. ಹಳೆಯ ರೆಕಾರ್ಡನ್ನು ಅವನು ಬಹುಕಾಲದ ನಂತರ ಕೇಳಿದ್ದು ಹೊಸದಕ್ಕೆ ಸ್ಟುಡಿಯೊ ಹೊಕ್ಕುವ ಮೂರುನಾಲ್ಕು ದಿನ ಮುಂಚೆಯಷ್ಟೇ. ಬೆರಳುಗಾರಿಕೆ ಅವನಿಗೆ ಹಿಡಿಸಿತು. ಆದರೆ ಮೂವತ್ತು ವೇರಿಯೇಶನ್‌ಗಳು ಒಂದಕ್ಕೊಂದು ನಂಟಿಲ್ಲದೆ ತಮ್ಮ ಪಾಡಿಗೆ ತಾವು ಹೋಗುತ್ತಿವೆ ಎಂದು ಕಂಡಿತು.

ತಿದ್ದಬೇಕೆಂದು ಹೊರಟದ್ದು ಅದನ್ನೇ. ಅವನ ಮಾತಿನ ಸಾರ ಇಷ್ಟು: ಇಡೀ ಕೃತಿಗೆ ಒಂದು ಮೂಲ ನಾಡಿ ಇರಬೇಕು, ಪ್ರತಿ ವೇರಿಯೇಶನ್‌ನ ಗತಿ ಆ ನಾಡಿಯನ್ನು ಭಾಗಿಸಿಯೋ ಗುಣಿಸಿಯೋ ಬರಬೇಕು. ನಮ್ಮ ಕಡೆ ಕಾಲಪ್ರಮಾಣ ಎನ್ನುತ್ತೇವಲ್ಲ, ಪಲ್ಲವಿಯನ್ನು ಮೂರು ಕಾಲದಲ್ಲಿ ಹಾಡುವಾಗ ಕೈಯ ತಾಳ ಬದಲಾಗದೆ ಸಾಹಿತ್ಯ ಮಾತ್ರ ಇಮ್ಮಡಿಸುತ್ತದಲ್ಲ, ಆ ತಿಳಿವಳಿಕೆ ಇರುವವರಿಗೆ ಇದು ಹೊಸತೇನೂ ಅಲ್ಲ. ವ್ಯತ್ಯಾಸವೆಂದರೆ ಗೂಲ್ಡ್ ಎರಡು, ನಾಲ್ಕರ ಪಟ್ಟಿನಲ್ಲೇ ನಿಲ್ಲಲಿಲ್ಲ, ಅಷ್ಟು ನೇರವಲ್ಲದ ಭಾಗಗಳನ್ನೂ ಬಳಸಿದ.

ಇದನ್ನು ಬರೀ ನಂಬಬೇಕಿಲ್ಲ, ಅಳೆದು ನೋಡಬಹುದು. 1, 2, 5 ತೆಗೆದುಕೊಳ್ಳಿ, ಮೂರಕ್ಕೂ 32 ಬಾರ್. 1 ಮತ್ತು 5ರಲ್ಲಿ ಬಾರಿಗೆ ಮೂರು ಎಣಿಕೆ, ಒಟ್ಟು 96. ಎರಡನೆಯದರಲ್ಲಿ ಬಾರಿಗೆ ಎರಡು, ಒಟ್ಟು 64. ಅವಧಿಯಿಂದ ಭಾಗಿಸಿ. 1981ರಲ್ಲಿ ಮೊದಲನೆಯದು 70 ಸೆಕೆಂಡ್, ನಿಮಿಷಕ್ಕೆ 82 ಎಣಿಕೆ. ಎರಡನೆಯದು 49 ಸೆಕೆಂಡ್, 78 ಎಣಿಕೆ. ಐದನೆಯದು 37 ಸೆಕೆಂಡ್, 156 ಎಣಿಕೆ. ಕೊನೆಯ ಸ್ವರದ ಎಳೆತ, ನಡುವಿನ ಮೌನ ಇವನ್ನು ಲೆಕ್ಕಕ್ಕೆ ಹಿಡಿದರೆ 80, 80, 160ರ ಆಸುಪಾಸು. ಒಂದನೆಯದಕ್ಕೆ ತಾಳ ಹಾಕಲು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಎರಡನೆಯದಕ್ಕೆ ದಾಟಬಹುದು. ಐದನೆಯದು ಅದರ ಎರಡನೇ ಕಾಲ.

1955ರಲ್ಲಿ ಇದೇ ಮೂರು 128, 104, 156. ಎಚ್ಚರದಿಂದ ಕೇಳುತ್ತಿರುವವರು ಕೂಡಲೇ ಕೇಳಬಹುದು, 104ರ ಒಂದೂವರೆ ಪಟ್ಟು 156 ಆಯಿತಲ್ಲ ಎಂದು. ಆಯಿತು. ಆದರೆ ಅವೆರಡು ಅಕ್ಕಪಕ್ಕ ಇಲ್ಲ. ಅಕ್ಕಪಕ್ಕ ಇರುವುದು 128 ಮತ್ತು 104, ಅಲ್ಲಿ ತಾಳ ಹಾಕುವ ಕೈ ತಪ್ಪಿಯೇ ತಪ್ಪುತ್ತದೆ. 1ನೆಯದನ್ನು 45 ಸೆಕೆಂಡಿಗೆ ಮುಗಿಸಿದ ಆ ಹುಮ್ಮಸ್ಸು ಕೇಳಲು ಎಷ್ಟು ಸೊಗಸು ಎಂಬುದು ಬೇರೆ ಮಾತು. ಅದನ್ನು ತಪ್ಪು ಎನ್ನುವ ಧೈರ್ಯ ನಮಗಂತೂ ಇಲ್ಲ.

ಒಂದೇ ನಾಡಿಯ ಈ ಯೋಜನೆಯನ್ನು ವೇದಿಕೆಯಲ್ಲಿ ಕೂತು ಒಂದೇ ಉಸಿರಿಗೆ ನುಡಿಸುವವನು ಮೈಯಲ್ಲೇ ಹಿಡಿದಿಟ್ಟುಕೊಳ್ಳಬಹುದು. ಗೂಲ್ಡ್ 1964ರಲ್ಲೇ ಕಛೇರಿ ನಿಲ್ಲಿಸಿದ್ದ. 1981ರ ರೆಕಾರ್ಡಿಂಗ್ ನಡೆದದ್ದು ಏಪ್ರಿಲ್ 22ರಿಂದ 25ರವರೆಗೆ ನಾಲ್ಕು ದಿನ, ಆಮೇಲೆ ಮೇನಲ್ಲಿ ಬಿಡಿಬಿಡಿಯಾಗಿ ಮೂರು ದಿನ. ಹೀಗೆ ತುಂಡು ತುಂಡಾಗಿ ನುಡಿಸುವಾಗ ಕೆಡುವುದು ಮೊದಲು ಗತಿಯೇ. ಊಟ ಮುಗಿಸಿ ಬಂದವನ ಗತಿ ಬೇರೆ, ಹತ್ತನೇ ಟೇಕಿನ, ಅಂದರೆ ಹತ್ತನೇ ಸಲ ನುಡಿಸಿ ಮುದ್ರಿಸಿದ್ದರ, ಗತಿ ಬೇರೆ. ಕೆಟ್ಟ ಟೇಕು ಕೂಡಲೇ ಗೊತ್ತಾಗುತ್ತದೆ. ಒಳ್ಳೆಯ ಟೇಕಿನ ಗತಿ ನೂರಕ್ಕೆ ನಾಲ್ಕೈದು ಸರಿದಿದ್ದರೆ ಅದು ಗೊತ್ತಾಗುವುದು ಜೋಡಿಸುವಾಗ, ತಡವಾದ ಮೇಲೆ.

ಜೋಡಿಸುವ ಕೆಲಸ ಗೂಲ್ಡ್‌ಗೆ ನುಡಿಸುವುದರಷ್ಟೇ ಪ್ರಿಯ. 1966ರ ತನ್ನ ಪ್ರಬಂಧದಲ್ಲಿ ಬಾಖ್‌ನ ಎ ಮೈನರ್ ಫ್ಯೂಗ್‌ನ (ಧ್ವನಿಗಳು ಒಂದನ್ನೊಂದು ಅನುಕರಿಸುತ್ತ ಬೆಳೆಯುವ ರಚನೆ) ಉದಾಹರಣೆ ಕೊಡುತ್ತಾನೆ. ಆರನೇ ಟೇಕ್, ಎಂಟನೇ ಟೇಕ್ ಎರಡೂ ತಪ್ಪಿಲ್ಲದವು. ಒಂದು ಗಂಭೀರ, ಇನ್ನೊಂದು ಚುರುಕು. ಯಾವುದನ್ನೇ ಪೂರ್ತಿ ಕೇಳಿದರೂ ಬೇಸರ ಹುಟ್ಟಿಸುತ್ತಿತ್ತು. ಆರಂಭಕ್ಕೂ ಅಂತ್ಯಕ್ಕೂ ಆರನೆಯದು, ನಡುವಿಗೆ ಎಂಟನೆಯದು ಎಂದು ಕೂಡಿಸಿದಾಗ ಫ್ಯೂಗ್‌ಗೆ ಜೀವ ಬಂತು. ಹಾಗೆ ಕೂಡಿಸಲು ಆದದ್ದು ಎರಡರ ಗತಿಯೂ ಹೆಚ್ಚುಕಡಿಮೆ ಒಂದೇ ಇದ್ದದ್ದರಿಂದ.

ಟೇಪಿನ ಕೆಲಸ ನೋಡದವರಿಗಾಗಿ ಎರಡು ಮಾತು. ಸೆಕೆಂಡಿಗೆ 38 ಸೆಂ.ಮೀ. ಓಡುವ ಟೇಪಿನಲ್ಲಿ ಐದನೇ ವೇರಿಯೇಶನ್‌ನ ಒಂದೊಂದು ಓಟದ ಸ್ವರಕ್ಕೆ ಸಿಗುವ ಜಾಗ ಸುಮಾರು ಮೂರೂವರೆ ಸೆಂ.ಮೀ. ಎರಡು ರೀಲನ್ನೂ ಕೈಯಲ್ಲಿ ಹಿಂದೆ ಮುಂದೆ ಆಡಿಸಿ, ಸ್ವರದ ಏಟು ಎಲ್ಲಿ ಶುರುವಾಗುತ್ತದೆಂದು ಕಿವಿಯಿಂದ ಹುಡುಕಿ, ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ ಅಂಟಿಸಬೇಕು. ಓರೆ ಯಾಕೆಂದರೆ ಒಂದು ಶಬ್ದ ಕರಗುತ್ತ ಇನ್ನೊಂದು ಏರಲಿ ಎಂದು. ನೇರ ಕತ್ತರಿಸಿದರೆ ಟಕ್ ಎನ್ನುತ್ತದೆ. ಕಷ್ಟ ಬರುವುದು ಹಿಂದಿನ ಸ್ವರದ ಬಾಲದಲ್ಲಿ. ಕತ್ತರಿಸಿದ ಜಾಗದ ನಂತರವೂ ಕೋಣೆಯಲ್ಲಿ ಹಿಂದಿನ ಸ್ವರ ಮೊಳಗುತ್ತಲೇ ಇರಬೇಕು. ಹೊಸ ತುಂಡು ಮೌನದಿಂದ ಶುರುವಾದ ಟೇಕ್ ಆಗಿದ್ದರೆ ಆ ಮೊಳಗು ಥಟ್ಟನೆ ಆರಿಹೋಗುತ್ತದೆ, ಕೇಳುಗನಿಗೆ ಕಾರಣ ತಿಳಿಯದೆ ಏನೋ ಇರುಸುಮುರುಸಾಗುತ್ತದೆ. ಅದಕ್ಕೇ ತಿದ್ದುವ ಜಾಗಕ್ಕಿಂತ ನಾಲ್ಕು ಬಾರ್ ಹಿಂದಿನಿಂದ ನುಡಿಸಿಕೊಂಡು ಬರುವುದು ಒಳ್ಳೆಯದು. ಗೂಲ್ಡ್ ಪೆಡಲ್ ಕಡಿಮೆ ಬಳಸಿ ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸುತ್ತಿದ್ದುದರಿಂದ ಈ ತೊಂದರೆ ಅವನಿಗೆ ಕಡಿಮೆ.

ಸ್ಟುಡಿಯೊ ಎರಡು ಸಲವೂ ಒಂದೇ. ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೊ, ಹಿಂದೆ ಚರ್ಚ್ ಆಗಿದ್ದ ಎತ್ತರದ ಕಟ್ಟಡ. ಅದನ್ನು ಮುಚ್ಚುವ ಮುಂಚಿನ ಕೊನೆಕೊನೆಯ ರೆಕಾರ್ಡಿಂಗ್‌ಗಳಲ್ಲಿ ಗೂಲ್ಡ್‌ನ ಎರಡನೇ ಗೋಲ್ಡ್‌ಬರ್ಗ್ ಒಂದು. ಕುರ್ಚಿಯೂ ಅದೇ. 1953ರಲ್ಲಿ ಅವನ ಅಪ್ಪ ಮಡಚುವ ಕುರ್ಚಿಯೊಂದರ ಕಾಲು ಕತ್ತರಿಸಿ, ಎತ್ತರ ಹೊಂದಿಸಲು ತಿರುಪು ಹಾಕಿ ಮಾಡಿಕೊಟ್ಟದ್ದು, ನೆಲದಿಂದ 14 ಇಂಚು. 1981ರ ಹೊತ್ತಿಗೆ ಸೀಟು ಸವೆದುಹೋಗಿ ಚೌಕಟ್ಟಷ್ಟೇ ಉಳಿದಿತ್ತು. ಅಷ್ಟು ತಗ್ಗಿನಲ್ಲಿ ಕೂತರೆ ತೋಳಿನ ಭಾರ ಕೀಲಿಯ ಮೇಲೆ ಬೀಳುವುದಿಲ್ಲ, ಎಲ್ಲವನ್ನೂ ಬೆರಳೇ ಮಾಡಬೇಕು. ಸ್ವರ ಸ್ಫುಟವಾಗುತ್ತದೆ, ಆದರೆ ಭಾರೀ ನಾದ ಹುಟ್ಟುವುದಿಲ್ಲ. ಬಾಖ್‌ಗೆ ಅದು ಸಾಕು.

ಬದಲಾದದ್ದು ಪಿಯಾನೊ. ಗೂಲ್ಡ್ ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಸ್ಟೈನ್‌ವೇ, ಸಿ.ಡಿ. 318 ಎಂಬ ಸಂಖ್ಯೆಯದು, 1971ರಲ್ಲಿ ಸಾಗಿಸುವಾಗ ಬಿದ್ದು ಅದರ ಎರಕದ ಕಬ್ಬಿಣದ ಚೌಕಟ್ಟು ಸೀಳಿತು. ಚೌಕಟ್ಟು ಬದಲಿಸಿ ಕೊಟ್ಟರೂ ಕೀಲಿಗಳ ಹಳೆಯ ಹದ ಮರಳಲಿಲ್ಲ. ಅವನು ಬಯಸುತ್ತಿದ್ದ ಹದವೂ ಅಪಾಯದ್ದೇ: ಕೀಲಿ ಹೆಚ್ಚು ಇಳಿಯಬಾರದು, ಸುತ್ತಿಗೆ ತಂತಿಗೆ ತೀರಾ ಹತ್ತಿರ ಇರಬೇಕು, ಹಾರ್ಪ್ಸಿಕಾರ್ಡ್‌ನಂತೆ ಮುಟ್ಟಿದೊಡನೆ ನುಡಿಯಬೇಕು. ಹತ್ತಿರ ತಂದಷ್ಟೂ ಸುತ್ತಿಗೆ ಒಂದು ಹೊಡೆತಕ್ಕೆ ಎರಡು ಸಲ ತಂತಿ ಮುಟ್ಟುತ್ತದೆ. ಬಾಖ್‌ನ ಇನ್ವೆನ್ಶನ್ಸ್ ಎಂಬ ಕಿರುರಚನೆಗಳ ಅವನ ರೆಕಾರ್ಡಿಂಗ್‌ನ ನಡುಸ್ಥಾಯಿಯಲ್ಲಿ ಕೇಳಿಸುವ ಬಿಕ್ಕಳಿಕೆ ಅದೇ. ಅವನು ಅದನ್ನು ಮುಚ್ಚಿಡಲೂ ಇಲ್ಲ. ಕೊನೆಗೆ 1981ರಲ್ಲಿ ಯಮಹಾ ಕಾನ್ಸರ್ಟ್ ಗ್ರ್ಯಾಂಡ್ ಹಿಡಿದ. ಎರಡನೇ ಗೋಲ್ಡ್‌ಬರ್ಗ್‌ನ ನಾದ ಒಣಗಿದಂತೆ, ಹತ್ತಿರದಲ್ಲೇ ಕೂತು ಕೇಳಿದಂತೆ ಇರುವುದರಲ್ಲಿ ವಾದ್ಯದ ಪಾಲಿದೆ, ಮೈಕಿನ ಪಾಲೂ ಇದೆ. ಎಲ್ಲವನ್ನೂ ವಯಸ್ಸಿನ ತತ್ವಜ್ಞಾನಕ್ಕೆ ಬರೆದುಬಿಡಬೇಡಿ.

ಎರಡು ಸಾಲಿನ ಕೀಲಿಗೆ ಬರೆದದ್ದನ್ನು ಒಂದೇ ಸಾಲಿನಲ್ಲಿ ನುಡಿಸುವ ಪಾಡೂ ಇದೆ. 8, 14, 20, 23 ಇಂಥ ಕಡೆ ಎರಡು ಕೈಯೂ ಒಂದೇ ಕೀಲಿಗೆ ಬರುತ್ತವೆ. ಒಂದು ಕೈ ಮೇಲೆ ಚಪ್ಪಟೆಯಾಗಿ, ಇನ್ನೊಂದು ಕೀಲಿಗಳ ಒಳಬದಿಗೆ ಸರಿದು ನುಡಿಸಬೇಕು. ಒಂದು ಕೈ ಬಿಡದೆ ಕೀಲಿ ಮೇಲೇಳುವುದಿಲ್ಲ, ಏಳದೆ ಇನ್ನೊಂದು ಕೈಗೆ ಅದು ನುಡಿಯುವುದಿಲ್ಲ. ಅಲ್ಲೆಲ್ಲ ಸ್ವರವನ್ನು ಮೊಟಕಾಗಿ ಬಿಡುವ ಅವನ ರೂಢಿ ಶೈಲಿಯೂ ಹೌದು, ದಾರಿ ಬಿಟ್ಟುಕೊಡುವ ಉಪಾಯವೂ ಹೌದು.

ಧ್ವನಿಮುದ್ರಣದ ತಂತ್ರದ ಕಡೆಯಿಂದಲೂ ಮರುರೆಕಾರ್ಡಿಂಗ್‌ಗೆ ಕಾರಣವಿತ್ತು. 1955ರದು ಮೋನೊ, ಸ್ಟೀರಿಯೊ ಬರುವ ಮುಂಚಿನದು. 1981ಕ್ಕೆ ಡಿಜಿಟಲ್ ಬಂದಿತ್ತು, ಆದರೆ ಡಿಜಿಟಲ್ ಎಡಿಟಿಂಗ್ ಇನ್ನೂ ಅಂಬೆಗಾಲಿಡುತ್ತಿತ್ತು. ಜಾಣರು ಪಕ್ಕದಲ್ಲೇ ಅನಲಾಗ್ ಟೇಪನ್ನೂ ಓಡಿಸಿದ್ದರು. 1982ರಲ್ಲಿ ಹೊರಬಂದದ್ದು ಡಿಜಿಟಲ್ ರೂಪ, ಸ್ವಲ್ಪ ಗಾಜಿನಂಥ ಗಡಸು. 2002ರಲ್ಲಿ ಸೋನಿ ಎರಡೂ ಗೋಲ್ಡ್‌ಬರ್ಗ್‌ಗಳನ್ನು ಒಟ್ಟಿಗೆ ಹೊರತಂದಾಗ 1981ರದಕ್ಕೆ ಆ ಅನಲಾಗ್ ಟೇಪನ್ನೇ ಬಳಸಿತು. ಮಂದ್ರದ ಸಾಲು ಅದರಲ್ಲಿ ಮೈದುಂಬಿದೆ. ಕೊಳ್ಳುವವರು ಅದನ್ನೇ ನೋಡಿ ಕೊಳ್ಳಿ. ಇನ್ನೂ ಆಳಕ್ಕೆ ಇಳಿಯುವವರಿಗೆ 1955ರ ಪೂರ್ತಿ ಟೇಕುಗಳು 2017ರಲ್ಲಿ, 1981ರವು 2022ರಲ್ಲಿ ಪೆಟ್ಟಿಗೆ ರೂಪದಲ್ಲಿ ಬಂದಿವೆ. ಅವನ ಗುನುಗು, ಎಂಜಿನಿಯರ್ ಜೊತೆಗಿನ ಮಾತು ಎಲ್ಲ ಇವೆ.

ವಿದಾಯದ ಆಲ್ಬಮ್ ಎಂಬ ಮಾತಿಗೆ ಹೆಚ್ಚು ಹೊತ್ತು ಬೇಡ. ಇದಾದ ಮೇಲೆ 1982ರಲ್ಲಿ ಅವನು ಬ್ರಾಮ್ಸ್‌ನ ಕೃತಿಗಳನ್ನು ರೆಕಾರ್ಡ್ ಮಾಡಿದ, ಸ್ಟ್ರಾಸ್‌ನ ಕೃತಿ ರೆಕಾರ್ಡ್ ಮಾಡಿದ. ಅದೇ ಬೇಸಿಗೆಯಲ್ಲಿ ಟೊರಾಂಟೊದಲ್ಲಿ ಪುಟ್ಟ ವಾದ್ಯವೃಂದ ಕಟ್ಟಿ ವಾಗ್ನರ್‌ನ ಕೃತಿಯೊಂದನ್ನು ತಾನೇ ನಿರ್ದೇಶಿಸಿದ. ಗಂಟುಮೂಟೆ ಕಟ್ಟುವವನ ಲಕ್ಷಣವಲ್ಲ ಇದು.

ಈಗ ಕೇಳುವ ಕೆಲಸ. 1981ರ ಮೊದಲ ಎರಡು ವೇರಿಯೇಶನ್‌ಗೆ ತೊಡೆಯ ಮೇಲೆ ತಾಳ ಹಾಕಿ, ಐದಕ್ಕೆ ಹಾರಿ, ಅದೇ ತಾಳ ಕೂರುತ್ತದೆಯೇ ನೋಡಿ. ಆಮೇಲೆ ಹದಿನೈದು. ಅಲ್ಲಿ ಹಿಂಬಾಲಿಸುವ ಧ್ವನಿ ತಲೆಕೆಳಗಾಗಿ ಬರುತ್ತದೆ: ಮೊದಲಿನದು ಇಳಿದರೆ ಎರಡನೆಯದು ಏರುತ್ತದೆ. 1955ರಲ್ಲಿ ಅದು ಹಿಂದುಮುಂದಿನ ವೇರಿಯೇಶನ್‌ಗಳ ನಡುವೆ ಒಂದು ತಿರುವು ಮಾತ್ರ. 1981ರಲ್ಲಿ ಐದು ನಿಮಿಷ ತೆಗೆದುಕೊಂಡು, ಕೊನೆಗೆ ಬಲಗೈ ಏರಿ ಏರಿ ತಾರಸ್ಥಾಯಿಯ ಪಂಚಮದಲ್ಲಿ ನಿಲ್ಲುತ್ತದೆ. ಅಡಿಯಲ್ಲಿ ಷಡ್ಜವಿದೆ, ನಡುವೆ ಗಾಂಧಾರವಿಲ್ಲ. ಮೇಜರೋ ಮೈನರೋ ಎಂದು ಹೇಳುವ ಸ್ವರವೇ ಇಲ್ಲ. ಕೃತಿಯ ಅರ್ಧ ಮುಗಿಯುವುದು ಹೀಗೆ, ಬಾಗಿಲು ತೆರೆದಿಟ್ಟು. ಅದರ ಹಿಂದೆಯೇ ಹದಿನಾರನೆಯದರ ತುಂಬು ಜಿ ಮೇಜರ್ ಕಾರ್ಡ್, ಹಲವು ಸ್ವರ ಒಟ್ಟಿಗೇ.

ಆ ಕಾರ್ಡ್ ಬೀಳುವ ಮುಂಚಿನ ಮೌನ ಎಷ್ಟು ಎಣಿಕೆ ಎಂದು ಎರಡರಲ್ಲೂ ಲೆಕ್ಕ ಹಾಕಿಕೊಳ್ಳಿ. ಮೊದಲು 1955ರದನ್ನು ಹಾಕುತ್ತೇವೆ.